ಗೆರೆ ಅಕ್ಕನದು, ಬಣ್ಣ ತಂಗಿಯದು

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಸಿಟ್ಟು ಬರುತ್ತಿತ್ತು. ಬದುಕಿಡೀ ಟೈಲುಗಳಿಗೆ ಬಣ್ಣ ಹಾಕಿದವರು ಒಂದೇ ಒಂದು ಟೈಲಿನ ಮೇಲೂ, ಹೋಗಲಿ ಹಿಂಬದಿಯಲ್ಲೂ, ಸಹಿ ಮಾಡಿದವರಲ್ಲ. ಯಾಕೆ ಮಾಡಲ್ಲ ಎಂದು ಒಮ್ಮೆ ಕೇಳಿದ್ದೆ. “ಯಾರ ಹೆಸರು ಬರೀಲಿ? ಗೆರೆ ಅವಳದು, ಬಣ್ಣ ನನ್ನದು. ಅರ್ಧ ಟೈಲಿಗೆ ಯಾರಾದ್ರೂ ಸಹಿ ಹಾಕ್ತಾರಾ?” ಎಂದು ನನಗೇ ಗದರಿದರು. ಅವರು ತೀರಿಕೊಂಡು ಕೆಲವು ತಿಂಗಳಾದವು. ನಮ್ಮ ಅಡುಗೆಮನೆಗೆ ಬಂದವರೆಲ್ಲ ಒಲೆಯ ಹಿಂದಿನ ಗೋಡೆಯ ಟೈಲುಗಳ ಮೇಲಿನ ಜಿಂಕೆಗಳನ್ನು ನೋಡಿ, “ಯಾರ್ರೀ ಮಾಡಿದ್ದು ಇದು?” ಎಂದು ಕೇಳುತ್ತಾರೆ. ಒಂದು ಮಾತಿನಲ್ಲಿ ಉತ್ತರ ಹೇಳಲು ಹೋಗಿ ಪ್ರತಿ ಸಲವೂ ಸೋತಿದ್ದೇನೆ. ಅದಕ್ಕೇ ಬರೆಯಲು ಕೂತೆ.

ಕ್ಯಾಲಿಫೋರ್ನಿಯಾದ ಮಾರ್ಗನ್ ಹಿಲ್‌ನಲ್ಲಿ ನಮ್ಮ ಪಕ್ಕದ ಮನೆ ಅವರದು. ಗಂಡ ತೀರಿಕೊಂಡಿದ್ದರು, ಮಗ ಬೇರೆ ಊರಿನಲ್ಲಿ, ಇವರೊಬ್ಬರೇ ಇರುತ್ತಿದ್ದರು. ನನ್ನ ಆಫೀಸು ಇರುವುದು ಮೆನ್ಲೋ ಪಾರ್ಕಿನಲ್ಲಿ. ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಬೇರೆಯವರು ಬರೆದದ್ದರಲ್ಲಿ ಹುಳುಕು ತೆಗೆದು, ಆಮೇಲೆ ಫ್ರೀವೇಯಲ್ಲಿ ಸಿಕ್ಕಿಕೊಂಡು, ಮನೆ ಸೇರುವ ಹೊತ್ತಿಗೆ ಎದುರು ಬಂದವರ ಮೇಲೆಲ್ಲ ರೇಗುವ ಹಾಗಾಗಿರುತ್ತೇನೆ. ನಾನು ಹುಟ್ಟಿ ಬೆಳೆದದ್ದು ಮೈಸೂರು, ನನ್ನ ಗಂಡ ಮಂಗಳೂರಿನವನು. ಅವನು ರೇಗುವುದಿಲ್ಲ, ಹಾಸ್ಯ ಮಾಡುತ್ತಾನೆ. ಅದು ಇನ್ನೂ ಕಷ್ಟ.

ನಾವು ಹೊಸದಾಗಿ ಬಂದ ವರ್ಷ, ದೀಪಾವಳಿಯ ಬೆಳಿಗ್ಗೆ, ಬಾಗಿಲ ಮುಂದೆ ಚುಕ್ಕಿ ಇಟ್ಟು ರಂಗೋಲಿ ಎಳೆದು ಬಣ್ಣ ತುಂಬುತ್ತಿದ್ದೆ. ಗಿಡ್ಡನೆಯ ಒಬ್ಬ ವಯಸ್ಸಾದ ಹೆಂಗಸು, ನೀಲಿ ಕಲೆಗಳ ಏಪ್ರನ್ನು ತೊಟ್ಟು, ತುರುಬಿಗೆ ಪೆನ್ಸಿಲು ಸಿಕ್ಕಿಸಿಕೊಂಡವರು, ಬಂದು ನಿಂತರು. ಹಲೋ ಇಲ್ಲ, ಹೆಸರಿಲ್ಲ.

“ಗೆರೆ ಯಾರು ಎಳೆದದ್ದು?”

“ನಾನೇ.”

“ಬಣ್ಣ?”

“ಅದೂ ನಾನೇ.”

ಅಯ್ಯೋ ಪಾಪ ಎನ್ನುವಂತೆ ನನ್ನನ್ನು ನೋಡಿದರು. “ಎರಡಕ್ಕೂ ನೀನೊಬ್ಬಳೇನಾ? ಜೊತೆಗೆ ಯಾರೂ ಇಲ್ವಾ?”

ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತಿತ್ತು ಅನ್ನಿ. ಅವರ ಇಂಗ್ಲಿಷು ಮುರುಕು, ನನ್ನದು ಅವಸರದ್ದು. ಆದರೆ ನೆನಪಿನಲ್ಲಿ ಅವರು ಕನ್ನಡದಲ್ಲೇ ಮಾತಾಡುತ್ತಾರೆ, ಅದೂ ನಮ್ಮ ಅಗ್ರಹಾರದ ಜೋರು ಬಾಯಿಯ ಹೆಂಗಸರ ಕನ್ನಡದಲ್ಲಿ. ನಾನು ಹಾಗೆಯೇ ಬರೆಯುತ್ತೇನೆ.

ನಮ್ಮ ಕಡೆಯ ಅಭ್ಯಾಸದಂತೆ ಎರಡನೇ ಭೇಟಿಯಲ್ಲೇ ‘ಆಂಟಿ’ ಅಂದುಬಿಟ್ಟೆ. “ನಿನ್ನ ಅಪ್ಪನಿಗೆ ನಾನು ತಂಗಿಯಾ, ಅಮ್ಮನಿಗೆ ತಂಗಿಯಾ?” ಎಂದು ಕೇಳಿದರು. ಎರಡೂ ಅಲ್ಲ, ಹಿರಿಯರನ್ನು ನಾವು ಸುಮ್ಮನೆ ಹಾಗೆ ಕರೆಯುತ್ತೇವೆ ಎಂದೆ. “ಸುಮ್ಮನೆ ಯಾರೂ ಯಾರಿಗೂ ಏನೂ ಆಗಲ್ಲ,” ಎಂದರು. ಮುಂದಿನ ವಾರ ನಾನು ಹೆಸರು ಹಿಡಿದು ಕರೆದಾಗ, “ಯಾಕೆ, ಆಂಟಿ ಹೋದಳಾ?” ಎಂದು ಮುಖ ಊದಿಸಿಕೊಂಡರು. ಅಲ್ಲಿಂದ ಕೊನೆಯವರೆಗೂ ಆಂಟಿಯೇ.

ಅವರ ಗ್ಯಾರೇಜಿನಲ್ಲಿ ಕಾರಿರಲಿಲ್ಲ. ಒಂದು ಮೂಲೆಯಲ್ಲಿ ಟೈಲು ಸುಡಲು ಡ್ರಮ್ಮಿನ ಗಾತ್ರದ ಕರೆಂಟಿನ ಆವಿಗೆ, ಗೋಡೆಗುಂಟ ಟೈಲುಗಳ ಕಪಾಟು, ನಡುವೆ ಒಂದು ಉದ್ದನೆಯ ಮೇಜು. ಮೇಜಿಗೆ ಎರಡು ಕುರ್ಚಿ. ಒಂದರಲ್ಲಿ ಅವರು. ಇನ್ನೊಂದರ ಮೇಲೆ ಬಣ್ಣದ ಡಬ್ಬಿಗಳನ್ನು ಇಟ್ಟಿರುತ್ತಿದ್ದರು. ನಾನು ಹೋದಾಗ ಡಬ್ಬಿಗಳನ್ನು ತೆಗೆದು ನನಗೆ ಜಾಗ ಮಾಡಿಕೊಡುತ್ತಿರಲಿಲ್ಲ. ಬಕೆಟು ಬೋರಲು ಹಾಕಿ ಕೂರಲು ಹೇಳುತ್ತಿದ್ದರು. “ಎಂತ ಮಾರಾಯ್ತಿ, ಹಂಚಿಗೆ ಬಣ್ಣ ಬಳಿಯುವುದು ನೋಡ್ಲಿಕ್ಕೆ ದಿನಾ ಹೋಗಿ ಬಕೆಟಿನ ಮೇಲೆ ಕೂತ್ಕೊಳ್ತಿಯಲ್ಲ?” ಎಂದು ನನ್ನ ಗಂಡ. ಹಂಚಿನ ಕಾರ್ಖಾನೆಗಳ ಊರಿನವನು, ಅವನಿಗೆ ಎಲ್ಲವೂ ಹಂಚೇ. ನಾನು ಹೋಗುತ್ತಿದ್ದುದು ಯಾಕೆಂದರೆ ಅಲ್ಲಿ ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಕೂತು ನೋಡಬೇಕು, ಅಷ್ಟೇ.

ಅವರು ಹುಟ್ಟಿದ್ದು ಜೆರುಸಲೇಮಿನ ಹಳೆಯ ಕೋಟೆಯೊಳಗೆ, ಅರ್ಮೇನಿಯನ್ನರ ಕೇರಿಯಲ್ಲಿ. ಅವರ ಅಜ್ಜ ಅರ್ಮೇನಿಯನ್ನರ ಕಗ್ಗೊಲೆಯ ಕಾಲದಲ್ಲಿ ತುರ್ಕಿಯ ಕಡೆಯಿಂದ ಜೀವ ಉಳಿಸಿಕೊಂಡು ಅಲ್ಲಿಗೆ ಬಂದು ಟೈಲಿನ ಕೆಲಸ ಹೂಡಿದವರು. ಅರ್ಮೇನಿಯಾವನ್ನು ಆಂಟಿ ಕಣ್ಣಿನಿಂದ ನೋಡಿಯೇ ಇರಲಿಲ್ಲ. ನನ್ನ ಮಗಳಿಗೆ ಇದು ಬಹಳ ಹಿಡಿಸಿತ್ತು. ಅಮೆರಿಕದಲ್ಲೇ ಹುಟ್ಟಿ, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ನನ್ನ ಮಗಳು, “ಅಮ್ಮಾ, ಶೀ ಈಸ್ ಲೈಕ್ ಮೀ,” ಎಂದು ಓಡಿ ಬಂದು ಹೇಳಿದ್ದಳು. ನನಗೆ ಆಗ ಕೋಪ ಬಂದಿತ್ತು. ಈಗಿಲ್ಲ.

ಅವರ ಮನೆತನದ ಕಸುಬಿನಲ್ಲಿ ಟೈಲು ಯಾವಾಗಲೂ ಇಬ್ಬರ ಕೆಲಸ. ಒಬ್ಬರು ಕಪ್ಪು ಬಣ್ಣದಲ್ಲಿ ಗೆರೆ ಎಳೆಯುತ್ತಾರೆ, ಕತ್ತೆಯ ಕೂದಲಿನ ಕುಂಚದಲ್ಲಿ. ಕತ್ತೆಯದೇ ಆಗಬೇಕಂತೆ, ಬೇರೆ ಕೂದಲು ಬಳುಕುತ್ತದೆ. ಇನ್ನೊಬ್ಬರು ಮೆತ್ತನೆಯ ಕುಂಚದಲ್ಲಿ ಬಣ್ಣ ತುಂಬುತ್ತಾರೆ. ಗೆರೆಯವರು ಬಣ್ಣ ಮುಟ್ಟುವಂತಿಲ್ಲ, ಬಣ್ಣದವರು ಗೆರೆ ಮುಟ್ಟುವಂತಿಲ್ಲ. ಬಣ್ಣ ಗೆರೆಗೆ ತಾಗುವಂತೆಯೂ ಇಲ್ಲ. ಕೂದಲೆಳೆಯಷ್ಟು ಬಿಳಿ ಜಾಗ ಬಿಟ್ಟು ನಿಲ್ಲಬೇಕು. “ಅವಳ ಮನೆ ಅವಳಿಗೆ, ನನ್ನ ಮನೆ ನನಗೆ. ನಡುವೆ ಒಂದು ಓಣಿ,” ಎನ್ನುತ್ತಿದ್ದರು. ತುಂಬಿದ ಮೇಲೆ ನೀರುದೋಸೆಯ ಹಿಟ್ಟಿನಂಥ ಗಾಜಿನ ಪುಡಿಯ ನೀರಿನಲ್ಲಿ ಇಡೀ ಚಿತ್ರ ಮುಚ್ಚಿಹೋಗುತ್ತದೆ. ಆವಿಗೆಯಲ್ಲಿ ಸುಟ್ಟಾಗ ಆ ಬಿಳಿ ಕರಗಿ, ಮಾಸಿದ ನೇರಳೆಯಂತಿದ್ದದ್ದು ನೀಲಿಯಾಗಿ ಹೊರಗೆ ಬರುತ್ತದೆ. ಮೊದಲ ಸಲ ನೋಡಿದಾಗ ನಾನು ಚಿಕ್ಕ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದ್ದೆ. ಅವರು ಆವಿಗೆಯ ಮುಚ್ಚಳ ಹಿಡಿದುಕೊಂಡೇ, “ಇನ್ನೂ ಬಿಸಿ ಇದೆ, ಹಿಂದೆ ಸರಿ,” ಎಂದರು.

ಅವರು ಬಣ್ಣದವರು. ಗೆರೆಯವರು ಅವರ ಅಕ್ಕ.

ಅಕ್ಕ ಇದ್ದದ್ದು ಫ್ರೆಸ್ನೋದಲ್ಲಿ. ಗಿಲ್ರಾಯ್ ದಾಟಿ, ಬೆಟ್ಟದ ರಸ್ತೆ ಹಿಡಿದು ಇಳಿದರೆ ಎರಡು ಗಂಟೆಯ ದಾರಿ. ಅಲ್ಲಿ ಅರ್ಮೇನಿಯನ್ನರು ಬಹಳ. ಅಕ್ಕನ ಗಂಡನ ಮನೆಯವರಿಗೆ ದ್ರಾಕ್ಷಿ ತೋಟ ಇತ್ತು. ಗಂಡ ಹೋದ ಮೇಲೆ ಅಕ್ಕ ಅಲ್ಲೇ ಒಬ್ಬರೇ ಉಳಿದಿದ್ದರು. ಎರಡು ತಿಂಗಳಿಗೊಮ್ಮೆಯೋ ಏನೋ ಆಂಟಿಯ ಬಾಗಿಲಿಗೆ ಫ್ರೆಸ್ನೋದಿಂದ ಒಂದು ಭಾರದ ಪೆಟ್ಟಿಗೆ ಬರುತ್ತಿತ್ತು. ಒಳಗೆ ರಟ್ಟಿನ ಪದರಗಳ ನಡುವೆ ಅಕ್ಕ ಗೆರೆ ಎಳೆದ ಟೈಲುಗಳು. ಆಂಟಿ ಬಣ್ಣ ತುಂಬಿ, ಸುಟ್ಟು, ಅರ್ಧವನ್ನು ತಾವಿಟ್ಟುಕೊಂಡು ಅರ್ಧವನ್ನು ಅದೇ ಪೆಟ್ಟಿಗೆಯಲ್ಲಿ ವಾಪಸು ಕಳಿಸುತ್ತಿದ್ದರು. ಅಕ್ಕ ಅಲ್ಲಿ ಮಾರುತ್ತಿದ್ದರು, ಇವರು ಇಲ್ಲಿ. ಪೆಟ್ಟಿಗೆಯಲ್ಲಿ ಟೈಲು ಬಿಟ್ಟರೆ ಬೇರೆ ಏನೂ ಇರುತ್ತಿರಲಿಲ್ಲ. ಒಂದು ಚೀಟಿಯೂ ಇಲ್ಲ. ಫೋನೂ ಇಲ್ಲ. ಅಕ್ಕ ತಂಗಿ ಮಾತು ಬಿಟ್ಟು ಒಂದು ತಲೆಮಾರೇ ಆಗಿತ್ತು.

ನನಗೆ ಇದರ ಸುಳಿವು ಸಿಕ್ಕಿದ್ದು ಸರಟೋಗಾದ ಒಬ್ಬ ಗಿರಾಕಿಯ ದೆಸೆಯಿಂದ. ನಮ್ಮವರೇ, ಬೆಂಗಳೂರಿನವರು. ದೇವರಮನೆಯ ಗೋಡೆಗೆ ಗಂಡಭೇರುಂಡ ಬೇಕು ಅಂತ ನಾನೇ ಕರೆದುಕೊಂಡು ಹೋಗಿದ್ದೆ. ಆಂಟಿ ಖಂಡಿತವಾಗಿ ಆಗುವುದಿಲ್ಲ ಎಂದರು. ಅಕ್ಕನ ಹತ್ತಿರ ಆ ಗೆರೆ ಇಲ್ಲ. “ನೀವೇ ಎಳೀಬಹುದಲ್ಲಾ ಆಂಟಿ? ಒಂದು ಫೋಟೋ ಕಳಿಸ್ತೀನಿ,” ಎಂದರು ಗಿರಾಕಿ. “ನಾನು ಗೆರೆ ಎಳೆಯೋಳಲ್ಲ.” “ಹಾಗಾದ್ರೆ ನಿಮ್ಮ ಅಕ್ಕನಿಗೆ ಒಂದು ಫೋನ್ ಮಾಡಿ ಕೇಳಿ.” ಆಂಟಿ ಎದ್ದು ಗ್ಯಾರೇಜಿನ ಬಾಗಿಲು ಇಳಿಸಿಬಿಟ್ಟರು. ನಾವಿಬ್ಬರೂ ಡ್ರೈವ್‌ವೇಯಲ್ಲಿ ಮುಖ ಮುಖ ನೋಡುತ್ತಾ ನಿಂತೆವು.

ಮೂಗು ತೂರಿಸದೆ ಇರುವುದು ನನ್ನ ಜಾಯಮಾನದಲ್ಲಿಲ್ಲ. ಒಂದು ಭಾನುವಾರ ಅವರ ಕರ್ರಗಿನ ಕಾಫಿ ಕುಡಿಯುತ್ತಾ (ನನ್ನ ಫಿಲ್ಟರ್ ಕಾಫಿಯನ್ನು ಅವರು ‘ಕರುವಿನ ಪಾಲು’ ಎನ್ನುತ್ತಿದ್ದರು) ಕೇಳಿಯೇ ಬಿಟ್ಟೆ. ಅವರು ಕುಂಚ ಕೆಳಗಿಡದೆ ಹೇಳಿದರು.

ಮದುವೆಯಾಗಿ ಅವರು ಕ್ಯಾಲಿಫೋರ್ನಿಯಾಕ್ಕೆ ಬಂದಾಗ ಅಕ್ಕ ಇನ್ನೂ ಜೆರುಸಲೇಮಿನಲ್ಲಿ ಅಪ್ಪನ ಜೊತೆ ಇದ್ದರು. ಇವರು ಬಸುರಿ, ಡಾಕ್ಟರು ಹಾಸಿಗೆ ಬಿಟ್ಟು ಏಳಕೂಡದು ಎಂದಿದ್ದರು. ಆ ದಿನಗಳಲ್ಲಿ ಅಪ್ಪ ಕಾಯಿಲೆ ಬಿದ್ದು ತೀರಿಕೊಂಡರು. ಅಕ್ಕ ತಿಳಿಸಲಿಲ್ಲ. ಇವರು ಫೋನು ಮಾಡಿದಾಗಲೆಲ್ಲ, ಚೆನ್ನಾಗಿದ್ದಾರೆ, ಮಲಗಿದ್ದಾರೆ, ಕೆಲಸದಲ್ಲಿದ್ದಾರೆ ಎಂದು ಹೇಳುತ್ತಾ ಹೋದರು. ನಲವತ್ತನೆಯ ದಿನದ ಪ್ರಾರ್ಥನೆ ಮುಗಿದು, ಇಲ್ಲಿ ಮಗು ಹುಟ್ಟಿದ ಮೇಲೆಯೇ ಸುದ್ದಿ ಬಂದದ್ದು.

“ಯಾಕೆ ಹೇಳಲಿಲ್ಲ ಅಂದ್ರೆ, ನೀನು ಗಾಬರಿ ಆಗ್ತಿದ್ದೆ, ನಿನ್ನ ಒಳ್ಳೇದಕ್ಕೇ ಅಂದಳು. ನಾನು ಸತ್ತವರ ಆರೋಗ್ಯ ವಿಚಾರಿಸ್ತಾ ಇದ್ದೆ. ಗೊತ್ತಾ ನಿನಗೆ? ಅಪ್ಪನಿಗೆ ಚಳಿ ಆಗುತ್ತೆ ಅಂತ ಸ್ವೆಟರು ಕಳಿಸಿದ್ದೆ. ಅವಳು ‘ಅಳತೆ ಸರಿಯಾಗಿದೆ’ ಅಂದಳು.”

ಈ ದೇಶದಲ್ಲಿರುವ ನಮ್ಮವರಲ್ಲಿ ಇದನ್ನು ಅನುಭವಿಸದವರು ಯಾರಿದ್ದಾರೆ? ನಮ್ಮ ತಂದೆಗೆ ಆಪರೇಷನ್ ಆದದ್ದು ನನಗೆ ತಿಳಿದದ್ದು ಅವರು ಹೊಲಿಗೆ ಬಿಚ್ಚಿಸಿಕೊಂಡು ವಾಕಿಂಗು ಶುರು ಮಾಡಿದ ಮೇಲೆ. ಅಣ್ಣ ಹೇಳಿದ್ದೂ ಅದನ್ನೇ: “ಅಷ್ಟು ದೂರದಲ್ಲಿ ನೀನು ಗಾಬರಿಯಾಗಿ ಏನ್ ಮಾಡ್ತಿದ್ದೆ ಹೇಳು?” ಅವನ ಮೇಲೆ ನಾನು ಕೂಗಾಡಿದೆ, ಅತ್ತೆ, ಮರೆತೆ. ಆಂಟಿ ಮರೆಯಲಿಲ್ಲ. ಮಾತು ಬಿಟ್ಟರು.

“ಮತ್ತೆ ಈ ಪೆಟ್ಟಿಗೆ?” ಎಂದೆ.

ಅಕ್ಕ ಫ್ರೆಸ್ನೋಕ್ಕೆ ಬಂದ ವರ್ಷ ಮೊದಲ ಪೆಟ್ಟಿಗೆ ಬಂತಂತೆ. ಅಪ್ಪನ ನಮೂನೆಗಳು, ಗೆರೆ ಮಾತ್ರ. ಆಂಟಿ ಅದನ್ನು ಹಾಗೇ ಎತ್ತಿಟ್ಟರು. “ಕಾಗದ ಬರೆದಿದ್ರೆ ಹರಿದು ಹಾಕ್ತಿದ್ದೆ. ಫೋನ್ ಮಾಡಿದ್ರೆ ಇಟ್ಟುಬಿಡ್ತಿದ್ದೆ. ಅರ್ಧ ಆದ ಟೈಲು ಮನೇಲಿದ್ರೆ ಏನ್ ಮಾಡ್ತೀಯ? ನಿದ್ದೆ ಬರಲ್ಲ. ತುಂಬಿದೆ. ತುಂಬಿದೆ ಅಂದ್ರೆ ಕ್ಷಮಿಸಿದೆ ಅಂತಲ್ಲ!” ಎಂದು ಕುಂಚ ನನ್ನ ಕಡೆ ತೋರಿಸಿ ಹೇಳಿದರು.

ಹೀಗೇ ನಡೆದುಕೊಂಡು ಹೋಗುತ್ತಿತ್ತು. ಪೆಟ್ಟಿಗೆ ಬರುವ ದಿನ ಅವರನ್ನು ನೋಡಬೇಕಿತ್ತು. ಮುಖ ಗಂಟು ಹಾಕಿಕೊಂಡೇ ಬಿಚ್ಚುವರು. ಮೊದಲ ಟೈಲನ್ನು ಬೆಳಕಿಗೆ ಹಿಡಿದು, “ಈ ಸಲ ಮೂಡು ಸರಿ ಇಲ್ಲ ಮಹಾರಾಯ್ತಿಗೆ,” ಎನ್ನುವರು. ಇಲ್ಲವೇ, “ಮೊಮ್ಮಗಳು ಬಂದಿದ್ದಾಳೆ ಅಂತ ಕಾಣುತ್ತೆ, ಎಲೆಗಳು ಕುಣೀತಿವೆ.” ಅಕ್ಕನ ಕ್ಷೇಮ ಸಮಾಚಾರವನ್ನೆಲ್ಲ ಹೀಗೆ ಗೆರೆಗಳಲ್ಲೇ ಓದಿಕೊಳ್ಳುತ್ತಿದ್ದರು. ನಾನು ಅದನ್ನು ಪೂರ್ತಿ ನಂಬುತ್ತಿರಲಿಲ್ಲ, ಮಜವಾಗಿ ಕೇಳುತ್ತಿದ್ದೆ.

ಒಂದು ಚಳಿಗಾಲದ ಪೆಟ್ಟಿಗೆಯಲ್ಲಿ ನಾನೇ ಅದನ್ನು ನೋಡಿದೆ. ಸೈಪ್ರೆಸ್ ಮರದ ಅಂಚು ನೆಟ್ಟಗೆ ಇಳಿಯಬೇಕಾದಲ್ಲಿ ಅಲೆ ಅಲೆಯಾಗಿತ್ತು. ತಪ್ಪು ಕಂಡರೆ ಬಾಯಿ ಮುಚ್ಚಿಕೊಂಡಿರಲಾರದವಳು ನಾನು. “ಆಂಟಿ, ಇಲ್ಲಿ ಗೆರೆ ಅಲುಗಿದೆಯಲ್ಲ?”

“ಟೈಲು ಒರಟು. ಕುಂಚ ಹಿಡಿಯಲ್ಲ.” ಟೈಲನ್ನು ನನ್ನ ಕೈಯಿಂದ ಕಿತ್ತುಕೊಂಡರು.

ಮುಂದಿನ ಪೆಟ್ಟಿಗೆಯಲ್ಲಿ ಜಿಂಕೆಯ ಬೆನ್ನು ಅಲುಗಿತ್ತು, ದ್ರಾಕ್ಷಿಬಳ್ಳಿ ಅಲುಗಿತ್ತು. ಅದರ ಮುಂದಿನದರಲ್ಲಿ ಅಲುಗದ ಗೆರೆಯೇ ಇರಲಿಲ್ಲ. ಒರಟು ಟೈಲಿನ ಮಾತು ನಿಂತಿತು. ಅಕ್ಕನ ಕೈ ನಡುಗುತ್ತಿದೆ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ವಯಸ್ಸೋ, ಕಾಯಿಲೆಯೋ ತಿಳಿಯದು.

ಆಮೇಲೆ ಒಂದು ಶನಿವಾರ ಹೋದಾಗ ಆಂಟಿ ಬ್ಲೇಡು ಹಿಡಿದು ಕೂತಿದ್ದರು. ಅಕ್ಕ ಎಳೆದ ಕಪ್ಪು ಗೆರೆಯನ್ನು ಕೆರೆದು ತೆಗೆಯುತ್ತಿದ್ದರು. ಸುಡದ ಬಣ್ಣ, ಪುಡಿಪುಡಿಯಾಗಿ ಉದುರುತ್ತಿತ್ತು. ಪಕ್ಕದಲ್ಲಿ ಹಳೆಯ ಪೇಪರುಗಳ ತುಂಬ ಗೆರೆ ಎಳೆದು ಎಳೆದು ಅಭ್ಯಾಸ ಮಾಡಿದ್ದರು. ಗೆರೆ ನನ್ನ ಕೆಲಸವಲ್ಲ ಎಂದು ಗಿರಾಕಿಯ ಮುಖದ ಮೇಲೆ ಬಾಗಿಲು ಇಳಿಸಿದ ಹೆಂಗಸು ಗೆರೆ ಎಳೆಯುತ್ತಿದ್ದರು.

“ಆಂಟಿ, ಇದೇನು?”

“ಸುಮ್ನಿರು.”

“ಅಕ್ಕನಿಗೆ ಒಂದು ಫೋನ್ ಮಾಡಿ ಕೇಳಬಾರದಾ? ಡಾಕ್ಟರಿಗೆ ತೋರಿಸಿದ್ದಾರೋ ಇಲ್ವೋ?”

“ಕೇಳಿದ್ರೆ ನನಗೆ ಗೊತ್ತಾಗಿದೆ ಅಂತ ಅವಳಿಗೆ ಗೊತ್ತಾಗುತ್ತೆ. ಗಾಬರಿ ಆಗ್ತಾಳೆ. ಕೈ ಹೋಯ್ತು ಅಂತ ಕುಂಚ ಇಟ್ಟುಬಿಡ್ತಾಳೆ. ಆಮೇಲೆ ಅವಳಿಗೆ ಏನಿದೆ? ಬೇಡ. ಅವಳು ಎಳೀಲಿ, ನಾನು ಸರಿ ಮಾಡ್ತೀನಿ. ಅವಳ ಒಳ್ಳೇದಕ್ಕೇ.”

ನಾಲಿಗೆ ತಡೆಯಲಿಲ್ಲ. “ನಿಮ್ಮ ಅಕ್ಕನೂ ಇದೇ ಮಾತು ಹೇಳಿದ್ರಲ್ಲಾ ಆಂಟಿ, ಅಪ್ಪ ಹೋದಾಗ?”

ಅವರು ಬ್ಲೇಡು ಕೆಳಗಿಟ್ಟರು. ನನ್ನನ್ನು ನೋಡಿದ ನೋಟ, ನಾನು ಆ ಬೀದಿಯಲ್ಲಿ ಮನೆ ಕೊಂಡದ್ದೇ ತಪ್ಪು ಎನ್ನುವ ಹಾಗಿತ್ತು. “ಮನೆಗೆ ಹೋಗು. ನಿನ್ನ ಗಂಡನಿಗೆ ಅಡುಗೆ ಮಾಡು,” ಎಂದರು. ನನ್ನ ಮನೆಯಲ್ಲಿ ಅಡುಗೆ ಮಾಡುವವನು ಗಂಡನೇ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆ ಮೇಲೆ ಗ್ಯಾರೇಜಿನ ಬಾಗಿಲು ನನಗೆ ತೆರೆಯಲಿಲ್ಲ. ಕಸದ ಡಬ್ಬಿ ಹೊರಗಿಡುವಾಗ ಎದುರು ಸಿಕ್ಕರೂ ಆಕಾಶ ನೋಡಿಕೊಂಡು ಹೋಗುತ್ತಿದ್ದರು. ನಾನೂ ಏನು ಕಮ್ಮಿಯೇ? ನಾನೂ ಆಕಾಶ ನೋಡಿದೆ. “ಇಬ್ಬರಿಗೂ ಕುತ್ತಿಗೆ ನೋವು ಬರ್ತದೆ ಅಷ್ಟೇ,” ಎಂದ ನನ್ನ ಗಂಡ.

ತಿದ್ದಿದ ಟೈಲುಗಳು ಬಣ್ಣ ತುಂಬಿಕೊಂಡು, ಸುಟ್ಟು, ಅರ್ಧ ಪಾಲು ಫ್ರೆಸ್ನೋಕ್ಕೆ ಹೋದವು.

ವಸಂತದಲ್ಲಿ, ಒಂದು ಸಂಜೆ, ನಮ್ಮ ಬಾಗಿಲು ಬಡಿದ ಸದ್ದು. ಆಂಟಿ ನಿಂತಿದ್ದರು. ಏಪ್ರನ್ನಿಲ್ಲ. ಕೈಯಲ್ಲಿ ಒಂದು ಟೈಲು. ನನ್ನ ಮುಂದೆ ಹಿಡಿದರು. ಬರೀ ಬಿಳಿ. ಒಂದು ಚುಕ್ಕೆಯೂ ಇಲ್ಲ.

“ಪೆಟ್ಟಿಗೆ ಬಂತು,” ಎಂದರು. “ಎಲ್ಲವೂ ಹೀಗೇ ಇದೆ.”

ಅಕ್ಕ ಏನು ಹೇಳಿದ್ದಾರೆಂದು ನನಗೂ ಅರ್ಥವಾಯಿತು. ತಾನೆಳೆದ ಗೆರೆ ಯಾವುದು, ತಂಗಿ ಎಳೆದದ್ದು ಯಾವುದು ಎಂದು ಅಕ್ಕನಿಗೆ ತಿಳಿಯದೇ ಇರುತ್ತದೆಯೇ? ನನ್ನ ಗೆರೆ ನಿನಗೆ ಬೇಡವಾದರೆ ನೀನೇ ಎಳೆದುಕೋ ಎಂದು ಖಾಲಿ ಟೈಲು ಕಳಿಸಿದ್ದರು. ಇನ್ನು ಪೆಟ್ಟಿಗೆ ಬರುವುದಿಲ್ಲ. ಇಷ್ಟು ವರ್ಷ ಮಾತಿಲ್ಲದೆ ಉಳಿದಿದ್ದ ಒಂದೇ ದಾರಿ ಮುಚ್ಚಿಹೋಗಿತ್ತು. ಆಂಟಿ ಕಣ್ಣೊರೆಸಿಕೊಂಡರು. ಅವರು ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಒಳಗೆ ಕರೆದು ಕೂರಿಸಿದೆ. ನನ್ನ ಗಂಡ ಸಾರು ಕುದಿಯಲು ಬಿಟ್ಟು ಬಂದು, ಯಾವ ಹಾಸ್ಯವನ್ನೂ ಮಾಡದೆ, ಒಂದು ಲೋಟ ನೀರು ಕೊಟ್ಟ.

“ನಾನು ಅವಳಿಗೆ ಸುಳ್ಳು ಹೇಳಿದೆ,” ಎಂದರು ಆಂಟಿ. “ಬಾಯಲ್ಲಿ ಹೇಳಲಿಲ್ಲ, ಕೈಯಲ್ಲಿ ಹೇಳಿದೆ. ನೀನು ಹೇಳಿದ್ದು ಸರಿ. ನಿನ್ನ ಮೇಲಿನ ಸಿಟ್ಟು ಇನ್ನೂ ಇದೆ, ಅದು ಬೇರೆ. ನಾಳೆ ನನ್ನನ್ನು ಫ್ರೆಸ್ನೋಕ್ಕೆ ಕರ್ಕೊಂಡು ಹೋಗ್ತೀಯಾ?”

ಅವರಿಗೆ ಫ್ರೀವೇಯಲ್ಲಿ ಕಾರು ಓಡಿಸಲು ಭಯ. ನಾನು ಆಫೀಸಿಗೆ ಹುಷಾರಿಲ್ಲ ಎಂದು ತಿಳಿಸಿ ಹೊರಟೆ. ಖಾಲಿ ಟೈಲುಗಳ ಪೆಟ್ಟಿಗೆಯನ್ನು ಆಂಟಿ ಕಾರಿನ ಡಿಕ್ಕಿಯಲ್ಲಿ ಇಡಲು ಬಿಡಲಿಲ್ಲ. ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬೆಲ್ಟು ಹಾಕಿಕೊಂಡರು. ಬೆಳ್ಳುಳ್ಳಿಗೆ ಹೆಸರಾದ ಗಿಲ್ರಾಯ್‌ನಲ್ಲಿ ಆ ವಾಸನೆ ಬಂದಾಗ ಕಿಟಕಿ ಏರಿಸಿದರು. ಬೆಟ್ಟ ಹತ್ತಿ ಇಳಿದು, ಬಾದಾಮಿ ತೋಟಗಳ ಸಾಲು ಶುರುವಾದಾಗ, “ವಾಪಸು ಹೋಗೋಣ,” ಎಂದರು. ನಾನು ಕೇಳಿಸದವಳ ಹಾಗೆ ಓಡಿಸಿದೆ.

ಬಾಗಿಲು ತೆಗೆದ ಅಕ್ಕ ತಂಗಿಗಿಂತ ಒಂದು ತಲೆ ಎತ್ತರ. ಎರಡೂ ಕೈಗಳನ್ನು ಏಪ್ರನ್ನಿನ ಜೇಬಿನೊಳಗೆ ಇಟ್ಟುಕೊಂಡಿದ್ದರು. ತಬ್ಬಿಕೊಳ್ಳುತ್ತಾರೆ, ಅಳುತ್ತಾರೆ ಎಂದು ನಾನು ಕರ್ಚೀಫು ಸಿದ್ಧ ಮಾಡಿಕೊಂಡಿದ್ದೆ. ಅಂಥದ್ದೇನೂ ನಡೆಯಲಿಲ್ಲ. ಅಕ್ಕ ಪೆಟ್ಟಿಗೆ ನೋಡಿದರು, ನನ್ನನ್ನು ನೋಡಿದರು, ದಾರಿ ಬಿಟ್ಟರು. ಒಳಗೆ ಅಡುಗೆಮನೆಯ ಮೇಜಿನ ಮೇಲೆ ಆಂಟಿ ಪೆಟ್ಟಿಗೆ ಇಟ್ಟು, ತಮ್ಮ ಕೈ ಚಾಚಿ ಅವರ ಭಾಷೆಯಲ್ಲಿ ಏನೋ ಅಂದರು. ನನಗೆ ಭಾಷೆ ಬಾರದಿದ್ದರೂ ‘ಕೈ ತೋರಿಸು’ ಎಂದದ್ದು ಗೊತ್ತಾಯಿತು. ಅಕ್ಕ ಜೇಬಿನಿಂದ ಬಲಗೈ ತೆಗೆದರು. ಅದು ಗಾಳಿಗೆ ಸಿಕ್ಕ ಎಲೆಯ ಹಾಗೆ ಅಲುಗುತ್ತಿತ್ತು. ಆಂಟಿ ಅದನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಹಿಡಿದ ಕೈಗಳೂ ಅಲುಗಿದವು.

ಆಮೇಲೆ ಶುರುವಾಯಿತು ನೋಡಿ. ಏನು ಜಗಳ ಅಂತೀರಿ! ಅರ್ಮೇನಿಯನ್ನಿನಲ್ಲಿ ಸ್ವಲ್ಪ ಹೊತ್ತು ಕೂಗಾಡಿದವರು, ಅಲ್ಲೊಬ್ಬ ಪಂಚಾಯ್ತಿಯವಳು ಕೂತಿದ್ದಾಳೆಂದು ನೆನಪಾಗಿ, ಇಬ್ಬರೂ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ದೂರು ಹೇಳತೊಡಗಿದರು.

“ಇವಳು ನನ್ನ ಗೆರೆ ಕೆರೆದಳು. ನನಗೆ ಹೇಳಲಿಲ್ಲ.”

“ಇವಳು ಅಪ್ಪ ಸತ್ತದ್ದು ನನಗೆ ಹೇಳಲಿಲ್ಲ.”

“ಅದು ಇವಳ ಒಳ್ಳೇದಕ್ಕೆ.”

“ಇದೂ ಅವಳ ಒಳ್ಳೇದಕ್ಕೆ.”

ಅಕ್ಕ ಕುರ್ಚಿಯಲ್ಲಿ ಕುಸಿದು, ಮುಖ ಮುಚ್ಚಿಕೊಂಡು, ನಡುಗುವ ಬೆರಳುಗಳ ಸಂದಿಯಿಂದ ಹೇಳಿದ್ದು ನನಗೆ ಈಗಲೂ ಕಿವಿಯಲ್ಲಿದೆ. “ದಿನಾ ಹೇಳಬೇಕು ಅಂತಲೇ ಫೋನ್ ಎತ್ತುತ್ತಾ ಇದ್ದೆ. ನೀನು ಅಪ್ಪ ಹೇಗಿದ್ದಾರೆ ಅಂತ ನಗುನಗುತ್ತಾ ಕೇಳ್ತಿದ್ದೆ. ನಿನ್ನ ಆ ಧ್ವನಿ ಕೇಳಿ ಹೇಗೆ ಹೇಳೋದು?” ಅಷ್ಟು ವರ್ಷದಲ್ಲಿ ಅಕ್ಕನಿಗೆ ಅದನ್ನು ಹೇಳಲು ಅವಕಾಶವೇ ಸಿಕ್ಕಿರಲಿಲ್ಲ. ಆಂಟಿ ಪಕ್ಕದಲ್ಲಿ ಕೂತರು. ಆಗ ಇಬ್ಬರೂ ಅತ್ತರು. ನಾನು ತಂದ ಕರ್ಚೀಫು ನನಗೇ ಬೇಕಾಯಿತು.

ಊಟವಾದ ಮೇಲೆ ಆಂಟಿ ಪೆಟ್ಟಿಗೆಯಿಂದ ಒಂದು ಖಾಲಿ ಟೈಲು ತೆಗೆದು ಅಕ್ಕನ ಮುಂದಿಟ್ಟರು. ಅಕ್ಕ ತಲೆ ಅಲ್ಲಾಡಿಸಿದರು. ಆಂಟಿ ಕತ್ತೆಕೂದಲಿನ ಕುಂಚ ಹುಡುಕಿ ತಂದು, ಕಪ್ಪಿನಲ್ಲಿ ಅದ್ದಿ ಕೈಗೆ ಕೊಟ್ಟರು. “ನಡುಗಲಿ. ನೀನು ಎಲ್ಲಿ ಹೋಗ್ತೀಯೋ ನನ್ನ ಬಣ್ಣ ಅಲ್ಲಿಗೆ ಬರುತ್ತೆ,” ಎಂದು ನನಗೂ ಕೇಳಿಸುವಂತೆ ಇಂಗ್ಲಿಷಿನಲ್ಲಿ ಹೇಳಿದರು. ಅಕ್ಕ ಒಂದು ಹಕ್ಕಿಯ ಕತ್ತು ಎಳೆದರು. ಅಷ್ಟಕ್ಕೆ ಕಾಫಿ ಆರಿಹೋಗುವಷ್ಟು ಹೊತ್ತು ಹಿಡಿಯಿತು. ಗೆರೆ ಒಳಗೆ ಹೊರಗೆ ಅಲೆದಾಡಿತ್ತು. ಆಂಟಿ ಅದರ ಪಕ್ಕಕ್ಕೆ ಬಣ್ಣ ತಂದರು. ಗೆರೆ ಒಳಗೆ ಬಂದಲ್ಲಿ ಒಳಗೆ, ಹೊರಗೆ ಹೋದಲ್ಲಿ ಹೊರಗೆ. ನಡುವಿನ ಕೂದಲೆಳೆಯ ಬಿಳಿ ಎಲ್ಲೂ ತಪ್ಪಲಿಲ್ಲ. ತಪ್ಪು ಹುಡುಕುವ ಕೆಲಸದವಳಾದ ನಾನು ಬಗ್ಗಿ ಬಗ್ಗಿ ನೋಡಿದೆ.

ಸಂಜೆ ಹೊರಡೋಣವೇ ಎಂದೆ. ಆಂಟಿ ಕೈ ಬೀಸಿದರು. “ನೀನು ಹೋಗು. ನಾವಿನ್ನೂ ಜಗಳ ಶುರುವೇ ಮಾಡಿಲ್ಲ.”

ಅವರು ಮಾರ್ಗನ್ ಹಿಲ್‌ಗೆ ವಾಸಕ್ಕೆ ವಾಪಸು ಬರಲೇ ಇಲ್ಲ. ಆವಿಗೆಯೂ ಫ್ರೆಸ್ನೋಕ್ಕೆ ಹೋಯಿತು. ಆಂಟಿಯ ಮಗ ಬಂದು ಮನೆ ಬಾಡಿಗೆಗೆ ಕೊಟ್ಟ. ಎರಡು ವರ್ಷಕ್ಕೂ ಹೆಚ್ಚು ಕಾಲ ಅಕ್ಕ ತಂಗಿ ಒಂದೇ ಮೇಜಿನಲ್ಲಿ ಕೂತು ಕೆಲಸ ಮಾಡಿದರು. ನಾನು ಫೋನು ಮಾಡಿದಾಗಲೆಲ್ಲ ಹಿನ್ನೆಲೆಯಲ್ಲಿ ಬೈಗುಳ ಕೇಳಿಸುತ್ತಿತ್ತು, ಸೂಪಿಗೆ ನಿಂಬೆಹಣ್ಣು ಜಾಸ್ತಿ ಆಯಿತು ಅಂತಲೋ ಕಿಟಕಿ ಯಾಕೆ ತೆಗೆದೆ ಅಂತಲೋ. ನಮ್ಮ ಅಡುಗೆಮನೆಯ ಟೈಲುಗಳು ಆಗಿನವು. “ಜಿಂಕೆಗಳಿಗೆ ಚಳಿಜ್ವರ ಬಂದ ಹಾಗುಂಟು,” ಎಂದ ನನ್ನ ಗಂಡ, ಗೋಡೆಗೆ ತಾನೇ ಕೂರಿಸುತ್ತಾ. ಈಗ ಅವನೇ ಬಂದವರನ್ನೆಲ್ಲ ಕರೆದು ಕರೆದು ತೋರಿಸುತ್ತಾನೆ.

ಆಂಟಿಯ ಹೃದಯ ಸ್ವಲ್ಪ ಸರಿ ಇರಲಿಲ್ಲ ಅಂತ ಗೊತ್ತಿತ್ತು. ಅಕ್ಕನೇ ಮೊದಲು ಹೋಗಬಹುದೆಂದು ನಾವೆಲ್ಲ ಅಂದುಕೊಂಡಿದ್ದೆವು, ಆಂಟಿಯೂ ಸೇರಿ. ಒಂದು ಬೆಳಿಗ್ಗೆ ಆಫೀಸಿನ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸುವಾಗ ಆಂಟಿಯ ನಂಬರಿನಿಂದ ಫೋನು ಬಂತು. ಎತ್ತಿ, “ಏನು ಆಂಟಿ, ಇಷ್ಟು ಬೇಗ?” ಎಂದೆ ನಗುತ್ತಾ.

ಆ ಕಡೆ ಅಕ್ಕ. ಅವರು ಫೋನಿನಲ್ಲಿ ಎಂದೂ ನನ್ನೊಡನೆ ಮಾತಾಡಿದವರಲ್ಲ. ಫೋನು ಹಲ್ಲಿಗೋ ಓಲೆಗೋ ತಾಗುತ್ತಿರುವ ಸದ್ದು ಬರುತ್ತಿತ್ತು, ಕೈ ಅಷ್ಟು ನಡುಗುತ್ತಿತ್ತೇನೋ.

“ನನ್ನ ತಂಗಿ ಸತ್ತಳು,” ಎಂದರು. “ಈಗ. ಅವಳ ಕೈ ಇನ್ನೂ ಬೆಚ್ಚಗಿದೆ. ಅವಳ ಮಗನಿಗೆ ಹೇಳಿದೆ, ಈಗ ನಿನಗೆ ಹೇಳ್ತಿದ್ದೀನಿ. ನೀನು ನಗ್ತಾ ಫೋನ್ ಎತ್ತಿದೆ. ಆದರೂ ಹೇಳ್ತಿದ್ದೀನಿ.”